ಚಮಚ ಬಗ್ಗಿಸಿದರೆ ಸುರಿಯಬಾರದು

ಮಾಲಿನಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದರೆ ತಪ್ಪಾಗುತ್ತದೆ. ತನ್ನ ಮೇಲೆ ಅವಳಿಗೆ ಬೇಕಾದಷ್ಟು ನಂಬಿಕೆಯಿತ್ತು. ಉಳಿದವರನ್ನು ಮಾತ್ರ ಹಿಂದೆ ಮುಂದೆ ತಿರುಗಿಸಿ ನೋಡದೆ ಒಪ್ಪುತ್ತಿರಲಿಲ್ಲ. ಹಾಲಿನವನ ಹಾಲಿಗೆ ಬೆರಳು ಅದ್ದುವಳು, ತರಕಾರಿಯವನ ತಕ್ಕಡಿಯ ಅಡಿಗೆ ಬಗ್ಗಿ ನೋಡುವಳು, ಆಟೋದವನು ಬೇರೆ ರಸ್ತೆ ಹಿಡಿದರೆ ಫೋನಿನಲ್ಲಿ ಮ್ಯಾಪ್ ತೆರೆದು ಅವನ ಕಿವಿಯ ಪಕ್ಕಕ್ಕೇ ಹಿಡಿಯುವಳು. ತುಮಕೂರಿನ ಮರಳೂರಿನಲ್ಲಿ ಅವಳ ಬೀದಿಯ ಅಂಗಡಿಯವರು ಅವಳನ್ನು ಕಂಡರೆ ಮೊದಲು ಎಕ್ಸ್‌ಪೈರಿ ಡೇಟ್ ತೋರಿಸಿ, ಆಮೇಲೆ ಸಾಮಾನು ತೋರಿಸುತ್ತಿದ್ದರು. ಇಂಥವಳ ಗಂಡನಿಗೆ ಸಕ್ಕರೆ ಕಾಯಿಲೆ ಬಂತು. ಇಬ್ಬರಲ್ಲಿ ಪಾಪ ಯಾರು ಎನ್ನುವುದನ್ನು ನೀವೇ ತೀರ್ಮಾನಿಸಿ.

ಗಂಡ ವಿಜಯೀಂದ್ರ ಗುಬ್ಬಿಯಲ್ಲಿ ಮನೆಗಳ ಪ್ಲಾನ್ ಹಾಕಿಕೊಡುವವನು. ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಕೋಣೆ ಅವನ ಆಫೀಸು. ದಿನವಿಡೀ ಕಂಪ್ಯೂಟರಿನಲ್ಲಿ ಕೂದಲೆಳೆಯಂಥ ಗೆರೆ ಎಳೆಯುವ ಕೆಲಸ. ಜೂನ್‌ನಲ್ಲಿ ಕಾಯಿಲೆ ಇರುವುದು ಗೊತ್ತಾಯಿತು. ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ, ಅವನ ಎಡಗಣ್ಣಿನೊಳಗೆ ಮಸಿ ಚೆಲ್ಲಿದ ಹಾಗಾಗಿ ಎದುರಿಗಿದ್ದ ಕಿಟಕಿಯೇ ಕಾಣದಾಯಿತು. ತುಮಕೂರಿನ ಕಣ್ಣಿನ ಡಾಕ್ಟರು, ಒಳಗೆ ರಕ್ತ ಸೋರಿದೆ, ಆಪರೇಷನ್ ಮಾಡಬೇಕು, ಆದರೆ ಈ ಶುಗರ್ ಇಟ್ಟುಕೊಂಡು ಬಂದರೆ ನಾನು ಕತ್ತಿ ಮುಟ್ಟುವುದಿಲ್ಲ ಎಂದರು. ಮಾತ್ರೆ ಬರೆದರು. ಆಗಸ್ಟ್ ಕೊನೆಯ ವಾರಕ್ಕೆ ದಿನ ಕೊಟ್ಟರು. ಅಷ್ಟರೊಳಗೆ ಸಕ್ಕರೆ ಇಳಿಯಬೇಕು. ಇಳಿಯದಿದ್ದರೆ ಕಣ್ಣು ಕಾಯುವುದಿಲ್ಲ.

ಅನ್ನ, ಮುದ್ದೆ, ಚಪಾತಿ ಜೂನ್‌ನಲ್ಲೇ ನಿಂತಿದ್ದವು. ಮಧ್ಯಾಹ್ನಕ್ಕೆ ಸೌತೆಕಾಯಿ, ಎಲೆಕೋಸು, ಸೊಪ್ಪು, ಪನೀರು ತುಂಬಿದ ದೊಡ್ಡ ಡಬ್ಬಿ. ಮೊದಲ ವಾರ ವಿಜಯೀಂದ್ರ, "ನಾನೇನು ಮೇಕೇನಾ ಮಾರಾಯ್ತಿ?" ಎಂದು ಅರ್ಧ ಡಬ್ಬಿ ಹಾಗೇ ವಾಪಸು ತಂದ. ಒಣ ಎಲೆಕೋಸು ಗಂಟಲಲ್ಲಿ ಇಳಿಯಬೇಕಾದರೆ ಮೇಲೊಂದು ಡ್ರೆಸ್ಸಿಂಗ್ ಬೇಕು ಎಂದು ಮಾಲಿನಿ ಸೂಪರ್ ಮಾರ್ಕೆಟ್ಟಿಗೆ ಹೋದಳು. ಅಲ್ಲಿ ಬಾಟಲಿಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಓದಿದಳು. ಕೊಬ್ಬು ಕಡಿಮೆ ಎಂದು ಮುಂದುಗಡೆ ಜಂಭ ಕೊಚ್ಚಿಕೊಂಡಿದ್ದ ಬಾಟಲಿಯ ಹಿಂದೆ, ನೀರು ಎಣ್ಣೆ ಆದಮೇಲೆ ಸಕ್ಕರೆಯದೇ ಹೆಸರು. ಒಂದರಲ್ಲಿ ಜೇನು, ಇನ್ನೊಂದರಲ್ಲಿ ಮೆಕ್ಕೆಜೋಳದ ಹಿಟ್ಟು. "ಎಣ್ಣೆ ತೆಗೆದ ಜಾಗಕ್ಕೆ ಹಿಟ್ಟು ತುಂಬಿ ಮಾರ್ತಾರೆ, ಕಳ್ರು," ಎಂದು ಬಿಲ್ ಹಾಕುವ ಹುಡುಗಿಗೆ ಹೇಳಿ ಬರಿಗೈಲಿ ಬಂದಳು.

ಮನೆಯಲ್ಲೇ ಮಾಡತೊಡಗಿದಳು. ಬರೀ ನಿಂಬೆಹುಳಿ ಮತ್ತು ಎಣ್ಣೆ ಕಲಸಿಕೊಟ್ಟರೆ ಅವನಿಗೆ ಕೆಮ್ಮು ಬಂತು. ಕಡಲೇಬೀಜ ರುಬ್ಬಿ ಮಾಡಿದ್ದು ರುಚಿಯಾಗಿತ್ತು, ಆದರೆ ತಟ್ಟೆಗೆ ಸಾಲದೆ ಕೈ ಡಬ್ಬಕ್ಕೇ ಹೋಗುತ್ತಿತ್ತು. ಗಟ್ಟಿಯಾಗಲಿ ಎಂದು ಹುರಿಗಡಲೆ ಪುಡಿ ಹಾಕಲು ಹೋಗಿ, ಅದರಲ್ಲೂ ಪಿಷ್ಟವೇ ಹೆಚ್ಚು ಎಂದು ಫೋನು ಹೇಳಿದ್ದರಿಂದ ಡಬ್ಬಿ ಮುಚ್ಚಿಟ್ಟಳು. ಕೊನೆಗೆ ನಿಂತದ್ದು ಮೊಸರಿನದು. ಶನಿವಾರ ಸಂಜೆ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಬೆಳಿಗ್ಗೆ ಹೊತ್ತಿಗೆ ನೀರೆಲ್ಲ ಇಳಿದು ಬೆಣ್ಣೆಯ ಹಾಗಾದದ್ದಕ್ಕೆ ಉಪ್ಪು, ಶುಂಠಿ, ಹಸಿಮೆಣಸು, ಜೀರಿಗೆ, ಮೆಣಸಿನ ಪುಡಿ, ಪುದೀನ, ನಿಂಬೆಹುಳಿ, ಒಂದು ಚಮಚ ಎಳ್ಳೆಣ್ಣೆ ಸೇರಿಸಿ ಕಡೆಯುವುದು. ವಾರಕ್ಕಾಗುವಷ್ಟು ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿ ಇಡುವುದು. ಹಿಟ್ಟಿಲ್ಲ, ಸಕ್ಕರೆಯಿಲ್ಲ, ಆದರೂ ಗಟ್ಟಿ. ಚಮಚ ಬಗ್ಗಿಸಿದರೆ ಸುರಿಯಬಾರದು, ಮುದ್ದೆಯಾಗಿ ಬೀಳಬೇಕು. ಇದು ಅವಳು ಮಾಡಿದ ಕಾನೂನು. ಸುರಿಯಿತೆಂದರೆ ಯಾರೋ ಏನೋ ಬೆರೆಸಿದ್ದಾರೆ ಎಂದು ಅರ್ಥ.

ಬೆರೆಸಲು ಮನೆಯಲ್ಲಿ ಇನ್ನು ಯಾರಿದ್ದಾರೆ? ಅತ್ತೆ ತುಳಸಮ್ಮ. ಎಪ್ಪತ್ತು ದಾಟಿದವರು, ಮಡಿ ಆಚಾರದವರು. ಆಷಾಢ ಬಂತೆಂದರೆ ನಾಲ್ಕು ತಿಂಗಳು ವ್ರತ ಹಿಡಿದು ಒಂದೊಂದು ತಿಂಗಳು ಒಂದೊಂದು ಪದಾರ್ಥ ಬಿಡುವವರು. ತಮ್ಮ ಅಡುಗೆಯನ್ನು ತಾವೇ ಪುಟ್ಟ ಒಲೆಯಲ್ಲಿ ಬೇರೆ ಮಾಡಿಕೊಳ್ಳುವರು. ಮಾಲಿನಿಯ ತವರು ಕುಣಿಗಲ್ಲಿನಲ್ಲಿ ಈ ಪದ್ಧತಿಯಿರಲಿಲ್ಲ. ಅತ್ತೆ ಏನು ಬಿಟ್ಟರು, ಏನು ಹಿಡಿದರು ಎಂದು ಅವಳು ಕೇಳಲೂ ಇಲ್ಲ. ಅದು ಅತ್ತೆಯ ತಟ್ಟೆಯ ವಿಷಯ. ಆದರೆ ಮಾಲಿನಿ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದುದರಿಂದ ಬೇಗ ಹೊರಡಬೇಕಿತ್ತು. ವಿಜಯೀಂದ್ರ ಗುಬ್ಬಿಯ ಬಸ್ಸು ಹತ್ತುವುದು ಆಮೇಲೆ. ಹಾಗಾಗಿ ಬಾಟಲಿಯಿಂದ ಸಣ್ಣ ಡಬ್ಬಿಗೆ ಡ್ರೆಸ್ಸಿಂಗ್ ತುಂಬಿ ಮಗನ ಬ್ಯಾಗಿಗೆ ಇಡುವ ಕೆಲಸ ತುಳಸಮ್ಮನ ಪಾಲಿಗೆ ಬಂತು. ಅತ್ತೆಯ ಕೈಗೆ ಬಿಟ್ಟಮೇಲೆ ಮಾಲಿನಿ ಸುಮ್ಮನಿರುವಳೇ? ಮಧ್ಯಾಹ್ನ ಊಟಕ್ಕೆ ಮುಂಚೆ ಗಂಡ ವಿಡಿಯೋ ಕಾಲ್ ಮಾಡಬೇಕು.

"ಡಬ್ಬಿ ತೆಗೀರಿ. ಚಮಚದಲ್ಲಿ ತಗೊಳ್ಳಿ. ಬಗ್ಗಿಸಿ. ಇನ್ನೂ ಸ್ವಲ್ಪ ಬಗ್ಗಿಸಿ."

ವಿಜಯೀಂದ್ರ ಬಗ್ಗಿಸುವನು. ಮುದ್ದೆಯಾಗಿ ಬೀಳುವುದು. ಮಾಲಿನಿಗೆ ಸಮಾಧಾನ. ಊಟವಾಗಿ ಎರಡು ಗಂಟೆಗೆ ಮತ್ತೆ ಕಾಲ್. ಅವನು ಬೆರಳು ಚುಚ್ಚಿಕೊಂಡು ಮೀಟರನ್ನು ಕ್ಯಾಮೆರಾಕ್ಕೆ ಹಿಡಿಯಬೇಕು. ಸಂಜೆ ಮನೆಗೆ ಬಂದಮೇಲೆ ಇದೆಲ್ಲವನ್ನೂ ಅವಳು ಊಟದ ಮನೆಯಲ್ಲಿ ನಿಂತು ಅತ್ತೆಗೆ ಕೇಳಿಸುವ ಹಾಗೆ ಮತ್ತೊಮ್ಮೆ ಹೇಳುವಳು.

ಮೊದಮೊದಲು ಸಕ್ಕರೆ ಇಳಿಯುತ್ತ ಬಂತು. ಶ್ರಾವಣದ ನಡುವೆ, ಯಾಕೋ, ಏರತೊಡಗಿತು. ಅದೂ ಹೇಗೆ? ಬೆಳಿಗ್ಗೆ ಸರಿಯಿರುವುದು, ಮಧ್ಯಾಹ್ನ ಇನ್ನೂರೈವತ್ತಕ್ಕೆ ಹಾರುವುದು. ಅದೇ ಹೊತ್ತಿಗೆ ಇನ್ನೊಂದು ವಿಚಿತ್ರ. ಸೊಪ್ಪು ಕಂಡರೆ ಮುಖ ಸಿಂಡರಿಸುತ್ತಿದ್ದ ವಿಜಯೀಂದ್ರನ ಡಬ್ಬಿಗಳು ತೊಳೆದಿಟ್ಟ ಹಾಗೆ ಖಾಲಿಯಾಗಿ ಬರತೊಡಗಿದವು. ಡ್ರೆಸ್ಸಿಂಗಿನ ಡಬ್ಬಿಯಂತೂ ಬೆರಳು ಹಾಕಿ ಒರೆಸಿದಷ್ಟು ಚೊಕ್ಕಟ.

ಮಾಲಿನಿಯ ಕಿವಿ ನೆಟ್ಟಗಾಯಿತು. ಅರ್ಧ ಬಿಟ್ಟು ತರುತ್ತಿದ್ದ ಮನುಷ್ಯ ಈಗ ಪೂರ್ತಿ ತಿನ್ನುತ್ತಾನೆಂದರೆ, ತಿನ್ನುತ್ತಿಲ್ಲ. ಕ್ಯಾಮೆರಾಕ್ಕೆ ತೋರಿಸಿ, ಆಮೇಲೆ ಮೋರಿಗೆ ಸುರಿದು, ಕೆಳಗೆ ಬೇಕರಿಗೆ ಇಳಿಯುತ್ತಾನೆ. ಆದರೂ ಅವಳು ಅವಸರ ಮಾಡಲಿಲ್ಲ. ಮೊದಲು ತನ್ನ ಸಾಮಾನನ್ನೇ ಜಾಲಾಡಿದಳು. ಪುದೀನ, ಶುಂಠಿ, ಜೀರಿಗೆ ಎಲ್ಲ ನಿರಪರಾಧಿಗಳು. ಉಳಿದದ್ದು ಎಳ್ಳೆಣ್ಣೆ. ಅದು ಕುಣಿಗಲ್ಲಿನ ಗಾಣದಿಂದ ಅವಳ ತಾಯಿ ಮಂಜುಳಮ್ಮ ಕಳಿಸುವುದು. ಭಾನುವಾರ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋಗಿ ತಾಯಿಯನ್ನೂ ಕರೆದುಕೊಂಡು ಗಾಣದ ಮುಂದೆ ನಿಂತಳು. ಕಣ್ಣೆದುರಿಗೇ ಗಾಣದವನು ಎಳ್ಳಿನ ಜೊತೆಗೆ ಒಂದು ಅಚ್ಚು ಬೆಲ್ಲ ಒಡೆದು ಹಾಕಿದ.

"ಅಮ್ಮಾ, ನೋಡಿದ್ಯಾ? ಬೆಲ್ಲ!"

"ಎಣ್ಣೆ ಬಿಡ್ಲಿ ಅಂತ ಹಾಕ್ತಾರೆ ಕಣೇ, ಎಲ್ಲಾ ಕಡೆ ಹಂಗೇ," ಎಂದರು ಮಂಜುಳಮ್ಮ. "ಅದು ಹಿಂಡಿ ಜೊತೆ ಹೋಗುತ್ತೆ. ಎಣ್ಣೇಲಿ ಎಲ್ಲಿರುತ್ತೆ?"

"ನೀನೂ ಅವರ ಕಡೇನೇನಾ?"

ಮಗಳ ಈ ಮಾತಿಗೆ ಮಂಜುಳಮ್ಮ ತಲೆ ಚಚ್ಚಿಕೊಂಡರು. ಮನೆಯಲ್ಲಿದ್ದ ಎಳ್ಳೆಣ್ಣೆಯೆಲ್ಲ ದೇವರ ದೀಪಕ್ಕೆ ಹೋಯಿತು. ಡ್ರೆಸ್ಸಿಂಗಿಗೆ ಕಡಲೇಕಾಯಿ ಎಣ್ಣೆ ಬಂತು. ಮಧ್ಯಾಹ್ನದ ಸಕ್ಕರೆ ಮಾತ್ರ ಒಂದಿಷ್ಟೂ ಕದಲಲಿಲ್ಲ.

ಆಗಸ್ಟ್ ಕೊನೆಯ ವಾರ ಡಾಕ್ಟರು ರಿಪೋರ್ಟ್ ನೋಡಿ ಕಾಗದವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. "ಈ ಸಲ ಆಗಲ್ಲ. ಮುಂದಿನ ತಿಂಗಳು ನೋಡೋಣ. ಅಷ್ಟರಲ್ಲಿ ಕಣ್ಣಿನ ಹಿಂದಿನ ಪರದೆ ಕಿತ್ತು ಬಂದರೆ ಮಾತ್ರ ನನ್ನನ್ನ ಕೇಳಬೇಡಿ. ಏನು ತಿಂತಿದೀರಿ ನೀವು?"

"ಸೊಪ್ಪು ಸಾರ್," ಎಂದ ವಿಜಯೀಂದ್ರ.

ಡಾಕ್ಟರು ನಂಬಲಿಲ್ಲ. ಅವರಿಗಿಂತ ಹೆಚ್ಚಾಗಿ ಅವನ ಪಕ್ಕದ ಕುರ್ಚಿಯಲ್ಲಿದ್ದವಳು ನಂಬಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ವಿಜಯೀಂದ್ರನಿಗೆ ಕೊನೆಯ ಮೆಟ್ಟಿಲು ಕಾಣದೆ ಕಾಲು ತಪ್ಪಿತು. ಮಾಲಿನಿ ತೋಳು ಹಿಡಿದುಕೊಂಡಳು. ಹಿಡಿದ ಕೈಯನ್ನು ಮನೆಯವರೆಗೂ ಬಿಡಲಿಲ್ಲ. ಅವಳ ಅನುಮಾನವನ್ನು ನೋಡಿ ನಗುವವರು ಆ ಕೈಯನ್ನೂ ನೋಡಬೇಕಿತ್ತು. ಅವನಿಗೆ ಕಣ್ಣು ಹೋಗುತ್ತದೆಂಬ ಹೆದರಿಕೆ ಅವಳಲ್ಲಿ ಹೊರಬರುವ ದಾರಿ ಆ ಅನುಮಾನವೊಂದೇ ಆಗಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿ, ಗಂಡನಿಗೆ ಹೇಳದೆ ಗುಬ್ಬಿಯ ಬಸ್ಸು ಹತ್ತಿದಳು.

ಬೇಕರಿಯ ಗುಂಡಯ್ಯ ಗಾಜಿನ ಪೆಟ್ಟಿಗೆಯೊಳಗೆ ಬಿಸಿ ಬನ್ನು ಜೋಡಿಸುತ್ತಿದ್ದರು. ಮಾಲಿನಿ ನೇರವಾಗಿ ಕೇಳಿದಳು. "ಮೇಲಿನ ಪ್ಲಾನ್ ಆಫೀಸಿನ ಸಾರ್ ದಿನಾ ಏನು ತಗೋತಾರೆ?"

"ವಿಜಿ ಸಾರಾ? ಏನೂ ಇಲ್ಲ ಮೇಡಮ್. ಮೊದ್ಲು ಎರಡು ದಿಲ್‌ಪಸಂದ್ ತಿಂತಿದ್ರು. ಈಗ ಮೆಟ್ಲು ಹತ್ತೋವಾಗ ಮೂಗು ಮುಚ್ಕೊಂಡು ಹೋಗ್ತಾರೆ. ನನ್ನ ವ್ಯಾಪಾರಾನೇ ಹೋಯ್ತು."

"ಅವರು ಹೇಳಿಕೊಟ್ಟಿದ್ದಾ ಹೀಗೆ ಹೇಳಿ ಅಂತ?"

ಗುಂಡಯ್ಯನವರಿಗೆ ಅರ್ಥವಾಗಲಿಲ್ಲ. ಅವಳು ಸಕ್ಕರೆಯಿಲ್ಲದ ಕಾಫಿ ಹೇಳಿ, ಮೆಟ್ಟಿಲು ಕಾಣುವ ಬೆಂಚಿನಲ್ಲಿ ಕುಳಿತಳು. ಯಾರೂ ಇಳಿಯಲಿಲ್ಲ, ಬೇಕರಿಯಿಂದ ಯಾರೂ ಹತ್ತಲಿಲ್ಲ. ಊಟದ ಹೊತ್ತಾಯಿತು. ಮಾಲಿನಿ ಚಪ್ಪಲಿ ಸದ್ದಾಗದ ಹಾಗೆ ಮೇಲೆ ಹೋದಳು.

ಬಾಗಿಲು ಅರೆ ತೆರೆದಿತ್ತು. ವಿಜಯೀಂದ್ರ ಡಬ್ಬಿಗಳನ್ನು ಬಿಚ್ಚಿಟ್ಟುಕೊಂಡು, ಫೋನನ್ನು ಕಂಪ್ಯೂಟರಿಗೆ ಒರಗಿಸಿ, ಒಳ್ಳೆ ಕಣ್ಣನ್ನು ಪರದೆಯ ಹತ್ತಿರಕ್ಕೆ ತಂದು ಅವಳ ನಂಬರು ಒತ್ತಿದ. ಅವನ ಬೆನ್ನ ಹಿಂದೆಯೇ ಅವಳ ಫೋನು ಬಡಿದುಕೊಂಡಿತು.

"ಅಯ್ಯೋ! ನೀನಾ? ಏನಾಯ್ತು, ಅಮ್ಮ ಹುಷಾರಾಗಿದಾರಾ?"

"ಎಲ್ಲರೂ ಹುಷಾರಾಗಿದೀವಿ. ನೀವು ಊಟ ಮಾಡಿ. ನಾನು ನೋಡ್ತೀನಿ."

ಅವನು ತಿಂದ. ಸೊಪ್ಪನ್ನು ಬೇಗ ಬೇಗ ಅಗಿದು ನುಂಗಿದ. ಡ್ರೆಸ್ಸಿಂಗನ್ನು ಮಾತ್ರ ಚಮಚದಲ್ಲಿ ಒಂದಿಷ್ಟೊಂದಿಷ್ಟೇ ತೆಗೆದು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಇಟ್ಟುಕೊಂಡು ಚಪ್ಪರಿಸಿದ. ಮಾಲಿನಿಯ ಮೈ ಉರಿಯಿತು. ಅವಳ ಡ್ರೆಸ್ಸಿಂಗ್ ಚೆನ್ನಾಗಿತ್ತು, ನಿಜ. ಕಣ್ಣು ಮುಚ್ಚುವಷ್ಟು ಚೆನ್ನಾಗಿರಲಿಲ್ಲ. ಅವನ ಕೈಯಿಂದ ಚಮಚ ಕಿತ್ತುಕೊಂಡು ಬಾಯಿಗಿಟ್ಟಳು.

ಶುಂಠಿ ಇತ್ತು, ಪುದೀನ ಇತ್ತು, ಜೀರಿಗೆ ಇತ್ತು. ಅದರ ಕೆಳಗೆ ನುಣ್ಣಗೆ, ತಂಪಗೆ, ಚಿಕ್ಕಂದಿನಿಂದ ಅವಳ ನಾಲಿಗೆಗೆ ಚೆನ್ನಾಗಿ ಗೊತ್ತಿದ್ದ ಇನ್ನೊಂದಿತ್ತು. ಹಲ್ಲಿಗೆ ಒಂದು ಸಣ್ಣ ಅಗುಳಿನ ಚೂರು ಸಿಕ್ಕಿತು.

"ಇದು ಮೊಸರನ್ನ," ಎಂದಳು.

ವಿಜಯೀಂದ್ರ ತಲೆ ತಗ್ಗಿಸಿದ.

"ನಿಮಗೆ ಗೊತ್ತಿತ್ತು!"

"ಗೊತ್ತಿತ್ತು ಅಂದ್ರೆ... ನೀನೇ ಹಾಕ್ತಿದೀಯ ಅಂದ್ಕೊಂಡಿದ್ದೆ ಕಣೇ. ದಿನಾ ಹುಲ್ಲು ತಿಂತಾನೆ, ಪಾಪ ಅಂತ, ಒಂದು ತುತ್ತು ಅನ್ನ ರುಬ್ಬಿ ಸೇರಿಸ್ತಿದೀಯ ಅಂತ. ಬಾಯಿಬಿಟ್ಟು ಕೇಳಿದ್ರೆ ನಿಲ್ಲಿಸ್ತೀಯ ಅಂತ ಸುಮ್ನಿದ್ದೆ."

"ನಾನು ಹಾಕ್ತೀನಾ? ಸಕ್ಕರೆ ಅಷ್ಟು ಏರ್ತಿದ್ರೂ?"

"ಒಂದು ತುತ್ತಿಗೆ ಅಷ್ಟು ಏರುತ್ತಾ ಅಂತ..." ಅವನು ಡಬ್ಬಿಯನ್ನೇ ನೋಡುತ್ತಿದ್ದ. "ನಿನಗೆ ನನ್ನ ಮೇಲೆ ಕನಿಕರ ಬಂದಿದೆ ಅಂತ ಖುಷಿಯಾಗಿತ್ತು ಮಾಲೂ."

ಮಾಲಿನಿ ಡಬ್ಬಿಯನ್ನು ಮುಚ್ಚಿ ಸೆರಗಿನಲ್ಲಿ ಹಿಡಿದುಕೊಂಡು ಗಂಡನನ್ನು ಎಬ್ಬಿಸಿದಳು. ಕಳ್ಳ ಸಿಕ್ಕಿದ್ದ. ಕಳ್ಳ ಅಲ್ಲ, ಕಳ್ಳಿ. ಬಸ್ಸಿನಲ್ಲಿ ಅವಳು ಅತ್ತೆಗೆ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಮದುವೆಯಾದಾಗಿನಿಂದ ಉಳಿದುಹೋಗಿದ್ದವೂ ಅದರಲ್ಲಿ ಸೇರಿಕೊಂಡವು.

ತುಳಸಮ್ಮ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಮಗ ಸೊಸೆ ಒಟ್ಟಿಗೆ ಬಂದದ್ದನ್ನು ಕಂಡು ಎದ್ದು ನಿಂತರು. ಮಾಲಿನಿ ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದೆ ಹಿಡಿದಳು.

"ಇದರಲ್ಲಿ ಏನು ಹಾಕಿದೀರಿ ಅತ್ತೆ?"

ಅವರು ಸುಳ್ಳು ಹೇಳಲಿಲ್ಲ. "ಮಜ್ಜಿಗೆ. ಬೆಣ್ಣೆ ತೆಗೆದದ್ದು. ಒಂದು ಹಿಡಿ ಅನ್ನ ರುಬ್ಬಿದ್ದು. ಶುಂಠಿ, ಪುದೀನ, ಜೀರಿಗೆ ಎಲ್ಲ ನಿನ್ನ ಹಾಗೇ."

"ನಾನು ಮಾಡಿಟ್ಟ ಮೊಸರಿಂದು?"

"ಕರಿಬೇವಿನ ಗಿಡಕ್ಕೆ ಹಾಕ್ದೆ. ಉಪ್ಪಿಗೆ ಅದೂ ಬಾಡ್ತಾ ಇದೆ."

"ಯಾಕೆ?" ಮಾಲಿನಿಯ ದನಿ ಬೀದಿಗೆ ಕೇಳುವಷ್ಟಾಯಿತು. "ಮಗನ ಕಣ್ಣು ಹೋಗ್ತಿದೆ, ಗೊತ್ತಾ ನಿಮಗೆ? ನೆನ್ನೆ ಆಪರೇಷನ್ ಇಲ್ಲ ಅಂದ್ರಲ್ಲ, ಇದೇ ಕಾರಣ! ಯಾಕೆ ಹೀಗೆ ಮಾಡಿದ್ರಿ?"

ತುಳಸಮ್ಮನ ಕೈಲಿದ್ದ ಹತ್ತಿ ಕೆಳಗೆ ಬಿತ್ತು. "ಕಣ್ಣು ಉಳೀಲಿ ಅಂತಲೇ ಮಾಡ್ದೆ ಕಣಮ್ಮ. ಹೋದ ತಿಂಗಳು ಶಾಕವ್ರತ. ತರಕಾರಿ ಸೊಪ್ಪು ಮುಟ್ಟಬಾರದು. ನಾನು ಬಿಟ್ಟೆ. ಇವನಿಗೆ ಡಾಕ್ಟ್ರು ಹೇಳಿದಾರೆ ಅಂತ ನೀನು ಹಾಕ್ದೆ, ನಾನು ಬಾಯಿ ಮುಚ್ಕೊಂಡು ಡಬ್ಬಿ ಬ್ಯಾಗಿಗೆ ಇಟ್ಟುಕೊಟ್ಟೆ. ತಿಂಗಳು ಮುಗಿಯೋಕೆ ಮುಂಚೆ ಕಣ್ಣಲ್ಲಿ ರಕ್ತ ಬಂತು. ನನ್ನ ಕೈಯಾರೆ ವ್ರತ ಕೆಡಿಸಿದೆ ಅಂತ ಹೊಟ್ಟೆ ಉರೀತು. ಈ ತಿಂಗಳು ಮೊಸರು ಬಿಡೋದು. ಇದಾದ್ರೂ ಇವನ ಬಾಯಿಗೆ ಹೋಗದೆ ಇರ್ಲಿ, ದೇವರು ಕಣ್ಣು ಬಿಡ್ಲಿ ಅಂತ ಬೇಡ್ಕೊಂಡೆ. ಮಜ್ಜಿಗೆ ಆಗುತ್ತೆ, ಅದಕ್ಕೆ ದೋಷ ಇಲ್ಲ."

"ಮಜ್ಜಿಗೆ ಆಗುತ್ತಾ?" ಮಾಲಿನಿ ತಡೆದಳು. ತಲೆಯೊಳಗೆ ಲೆಕ್ಕ ಓಡಿತು. ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಪಿಷ್ಟವಿಲ್ಲ. ಶುಂಠಿ, ಪುದೀನ, ನಿಂಬೆ ಸೇರಿಸಿ ಒಂದಿಷ್ಟು ಎಣ್ಣೆ ಬಿಟ್ಟರೆ ಅದೂ ಒಳ್ಳೆ ಡ್ರೆಸ್ಸಿಂಗೇ. ಡಾಕ್ಟರೂ ಒಪ್ಪುವರು, ವ್ರತವೂ ಒಪ್ಪುವುದು. "ಹಾಗಿದ್ರೆ ಬರೀ ಮಜ್ಜಿಗೆ ಹಾಕಬಹುದಿತ್ತಲ್ಲ ಅತ್ತೆ? ಅನ್ನ ಯಾಕೆ ಹಾಕಿದ್ರಿ?"

ತುಳಸಮ್ಮ ಸೊಸೆಯ ಮುಖ ನೋಡಿದರು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಅಳೆದ ಹಾಗಿತ್ತು.

"ಮಜ್ಜಿಗೆ ನೀರು ಕಣೇ. ಚಮಚ ಬಗ್ಗಿಸಿದ್ರೆ ಸುರಿದುಬಿಡುತ್ತೆ. ನೀನು ಫೋನಲ್ಲಿ ನೋಡ್ತೀಯಲ್ಲ. ಅದಕ್ಕೇ ಗಟ್ಟಿ ಮಾಡ್ದೆ."

ಮಾಲಿನಿ ಡಬ್ಬಿಯನ್ನು ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಳಿತಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?" ಎಂದಳು. ದನಿಯಲ್ಲಿ ಜೋರಿರಲಿಲ್ಲ.

"ನಿನ್ನನ್ನಾ?" ಎಂದರು ತುಳಸಮ್ಮ. ವ್ಯಂಗ್ಯವಾಗಿ ಅಲ್ಲ. ಹಾಗೂ ಒಂದು ದಾರಿಯಿತ್ತು ಎಂದು ಅವರಿಗೆ ಆಗ ತಾನೇ ಹೊಳೆದಂತಿತ್ತು. ಆಮೇಲೆ ಅವರ ಕಣ್ಣು ತುಂಬಿತು. "ಅನ್ನದಿಂದಲೇ ಏರ್ತಾ? ಒಂದು ಹಿಡೀಲಿ? ನನಗೆ ಗೊತ್ತಾಗ್ಲಿಲ್ವಲ್ಲೇ. ಅನ್ನ ತಿಂದು ಯಾರಿಗಾದ್ರೂ ಕೆಟ್ಟದಾಗುತ್ತಾ ಅಂದ್ಕೊಂಡೆ. ನೆನ್ನೆ ಹೇಳಿದ್ಯಲ್ಲ, ಆ ಕಣ್ಣಿನ ಪರದೆ... ಇನ್ನೊಂದು ತಿಂಗಳು ತಡೆಯುತ್ತಂತಾ?"

"ಗೊತ್ತಿಲ್ಲ ಅತ್ತೆ," ಎಂದಳು ಮಾಲಿನಿ. ಇದು ಅವಳ ಬಾಯಲ್ಲಿ ಅಪರೂಪದ ಮಾತು.

ವಿಜಯೀಂದ್ರ ಬಗ್ಗಿ, ನೆಲಕ್ಕೆ ಬಿದ್ದ ಹತ್ತಿಗಾಗಿ ತಡಕಾಡಿದ. ಅದು ಅವನ ಕಾಲಿನ ಹತ್ತಿರವೇ, ಎಡಗಡೆಗಿತ್ತು. ಅವನ ಕೈ ಅದರ ಪಕ್ಕದ ನೆಲವನ್ನು ಎರಡು ಸಲ ಸವರಿ ಮುಂದೆ ಹೋಯಿತು. ಅತ್ತೆ ಸೊಸೆ ಇಬ್ಬರೂ ನೋಡಿದರು. ಇಬ್ಬರೂ ಒಟ್ಟಿಗೆ ಬಗ್ಗಿದರು. ಹತ್ತಿ ಮಾಲಿನಿಯ ಕೈಗೆ ಸಿಕ್ಕಿತು. ಅವಳು ಅದನ್ನು ತುಳಸಮ್ಮನ ಅಂಗೈಯಲ್ಲಿಟ್ಟು, ಮೂಗು ಒರೆಸಿಕೊಂಡು, ಅಡುಗೆಮನೆಗೆ ಹೋದಳು. ಫ್ರಿಜ್ಜಿನಿಂದ ಗಾಜಿನ ಬಾಟಲಿ ತೆಗೆದಳು. ವ್ರತ ಮುಗಿಯಲು ಇನ್ನೂ ದಿನಗಳಿದ್ದವು. ಡಾಕ್ಟರಿಗೆ ತೋರಿಸುವುದಕ್ಕೂ ದಿನಗಳಿದ್ದವು. ಅವಳು ಬಾಗಿಲಿನತ್ತ ತಿರುಗಿದಳು.

"ಅತ್ತೆ, ನಾಳೆ ಡಬ್ಬಿಗೆ ಏನು ಮಾಡೋಣ? ನೀವೇ ಹೇಳಿ."

ಹದಿನಾರು ವರ್ಷಗಳಲ್ಲಿ ಆ ಅಡುಗೆಮನೆಯಿಂದ ಅಂಥ ಪ್ರಶ್ನೆ ಹೊರಬಿದ್ದದ್ದು ಅದೇ ಮೊದಲು. ತುಳಸಮ್ಮ ಬಾಗಿಲವರೆಗೂ ಬಂದು ನಿಂತರು. ಒಳಗೆ ಕಾಲಿಡಲಿಲ್ಲ. ಸೊಸೆಯ ಮುಖವನ್ನು, ಅವಳ ಕೈಲಿದ್ದ ಬಾಟಲಿಯನ್ನು, ಮತ್ತೆ ಮುಖವನ್ನು ನೋಡಿದರು.

"ಯಾಕೆ ಕೇಳ್ತಿದೀಯ?" ಎಂದರು.